ಸೀಲಕ್ಕ ಏಳು ಕಳ್ಳರನ್ನು ಹಿಡಿದದ್ದು

ಇಪ್ಪತ್ತಾರು ವರ್ಷ ತೂಕ ಮತ್ತು ಅಳತೆ ಕಚೇರಿಯಲ್ಲಿ ದುಡಿದವಳಿಗೆ ಜನ ಸೀಲಕ್ಕ ಎಂದು ಹೆಸರಿಟ್ಟದ್ದರಲ್ಲಿ ಅತಿಶಯವೇನಿಲ್ಲ. ಅವಳ ಕೈಚೀಲದಲ್ಲಿ ಊಟದ ಡಬ್ಬಿ ಇಲ್ಲದ ದಿನ ಇರಬಹುದು. ಸೀಸದ ಬಿಲ್ಲೆ, ತಂತಿ, ಇಕ್ಕಳ, ಗೋಂದು ಹಚ್ಚಿದ ಕಾಗದದ ಸುರುಳಿ ಇಲ್ಲದ ದಿನ ಇರಲಿಲ್ಲ. ತಕ್ಕಡಿಯ ತಟ್ಟೆಯಡಿ ಮೇಣ ಮೆತ್ತಿದವರು, ತೂಕದ ಬಟ್ಟಿನ ಹೊಟ್ಟೆ ಕೊರೆದು ಟೊಳ್ಳು ಮಾಡಿದವರು, ಎಲ್ಲರನ್ನೂ ಅವಳು ಕಂಡಿದ್ದಳು. ಎಲ್ಲಿ ತೂತಿದೆಯೋ ಅಲ್ಲಿ ಮೋಸ ಹೊಗುತ್ತದೆ ಎನ್ನುವುದು ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತ ಪಾಠ. ತೂತು ಕಂಡರೆ ಸಾಕು, ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು.

ಐದು ವರ್ಷದ ಹಿಂದೆ ಅವಳೂ ಅವಳ ಗಂಡನೂ ಸಂಜೆ ಶಾಲೆಗೆ ಸೇರಿ ಕಂಪ್ಯೂಟರ್ ಕಲಿಯತೊಡಗಿದ್ದರು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಹಗಲೆಲ್ಲ ಬೇರೆಯವರಿಗೆ ಕಾಣುವಂತೆ ಮಾಡಿ, ಸಂಜೆ ತಾನು ಕಣ್ಣು ಕಿರಿದು ಮಾಡಿಕೊಂಡು ಕೀಲಿಮಣೆಯ ಮುಂದೆ ಕೂರುತ್ತಿದ್ದ. ಆ ಶಾಲೆಯಲ್ಲಿ ವರ್ಷಕ್ಕೊಂದು ಪಂದ್ಯ. ಚದುರಂಗದ್ದೇ, ಆದರೆ ಆಡುವವರು ಮನುಷ್ಯರಲ್ಲ. ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮುಗಳು ಒಂದರ ಮೇಲೊಂದು ಆಡಬೇಕು. ಬರೆದವರು ತಮ್ಮ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕ ಕೂತು, ಪರದೆ ಹೇಳಿದ ನಡೆಯನ್ನು ಮಣೆಯ ಮೇಲೆ ನಡೆಸಿ, ಎದುರಾಳಿಯ ನಡೆಯನ್ನು ತಮ್ಮ ಪೆಟ್ಟಿಗೆಗೆ ಒತ್ತಿ ತಿಳಿಸಬೇಕು. ಅಷ್ಟೇ ಅವರ ಕೆಲಸ. ಒಂದು ರೀತಿ ಮದುವೆಯಲ್ಲಿ ಹುಡುಗ ಹುಡುಗಿಯ ನಡುವೆ ಮಾತು ಸಾಗಿಸುವ ಸೋದರತ್ತೆಯ ಕೆಲಸ. ಸ್ವಂತ ಬುದ್ಧಿ ಓಡಿಸಬಾರದು.

ಹೋದ ವರ್ಷ ಒಬ್ಬ ಗುಮಾಸ್ತ ಓಡಿಸಿದ್ದ. ಸ್ವಂತದ್ದಲ್ಲ, ಭಾವಮೈದುನನ ಬುದ್ಧಿ. ಪೆಟ್ಟಿಗೆಯ ಹಿಂದಿನ ತೂತಿನಿಂದ ಸಣ್ಣ ತಂತಿಯೊಂದು ಪಕ್ಕದ ಕೋಣೆಗೆ ಹೋಗಿತ್ತು. ಅಲ್ಲಿ ಒಳ್ಳೆಯ ಆಟಗಾರನಾದ ಭಾವಮೈದುನ ಕೂತು ನಡೆ ಒತ್ತುತ್ತಿದ್ದ. ಕಪ್ ಗೆಲ್ಲುವ ಹೊತ್ತಿಗೆ ಅವನಿಗೆ ಹೊಟ್ಟೆ ಕೆಟ್ಟಿತು. ಪ್ರೋಗ್ರಾಮು ಒಂದೇ ನಡೆಗೆ ಇಪ್ಪತ್ತು ನಿಮಿಷ ತೆಗೆದುಕೊಂಡಿತು. "ಪ್ರೋಗ್ರಾಮು ಬಚ್ಚಲಿಗೆ ಹೋಗಿದೆ" ಎಂದು ಯಾರೋ ತಮಾಷೆ ಮಾಡಿದರು. ನಿಜವೂ ಅದೇ ಆಗಿತ್ತು.

ಆದ್ದರಿಂದ ಈ ವರ್ಷ ಮೇಷ್ಟ್ರು ನೇರವಾಗಿ ಸೀಲಕ್ಕನ ಬೆಂಚಿನ ಹತ್ತಿರ ಬಂದರು.

"ಅಕ್ಕ, ಈ ಸಲ ತಪಾಸಣೆ ನಿಮ್ಮದು. ಇನ್ನೊಂದು ಸಲ ಹಾಗಾದ್ರೆ ಈ ಪಂದ್ಯ ನಿಲ್ಲಿಸಿಬಿಡಬೇಕಾಗುತ್ತೆ."

"ನಮ್ಮ ಯಜಮಾನ್ರೂ ಆಡ್ತಾರಲ್ಲ ಮೇಷ್ಟ್ರೇ. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ?"

"ಅವರು ಗೆದ್ದರೆ ತಾನೆ ಅನ್ನೋದು" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ.

ಅದೂ ಸರಿಯೇ. ನಾಲ್ಕು ವರ್ಷದಲ್ಲಿ ಗಂಡನ ಪ್ರೋಗ್ರಾಮು ಒಂದು ಆಟವನ್ನೂ ಗೆದ್ದಿರಲಿಲ್ಲ. ಅದಕ್ಕೆ ಅವನಿಟ್ಟ ಹೆಸರು ಬಾಣ. ಎದುರಿನವರು ಕಾಯಿ ಇಟ್ಟು ಕೈ ತೆಗೆಯುವುದರೊಳಗೆ ಬಾಣದ ಉತ್ತರ ಪರದೆಯ ಮೇಲಿರುತ್ತಿತ್ತು. ಮುಂದಿನ ಒಂದು ನಡೆ ಮಾತ್ರ ನೋಡುತ್ತಿದ್ದುದರಿಂದ ಅದಕ್ಕೆ ತಡವಾಗಲು ಕಾರಣವೇ ಇರಲಿಲ್ಲ. "ನಿನ್ನ ಗಂಡ ಚಿಕ್ಕವನಾಗಿದ್ದಾಗಲೂ ಹಾಗೇ, ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ" ಎಂದು ಅತ್ತೆ ಹೇಳುತ್ತಿದ್ದರು. ಪ್ರತಿ ವರ್ಷ ಸೋತು ಬಂದ ದಿನ ಅವನು ನಗುತ್ತಲೇ ಊಟ ಮಾಡುತ್ತಿದ್ದ. ಊಟವಾದ ಮೇಲೆ ತಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದ. ಅವನಿಗೆ ಒಂದೇ ಒಂದು ಸಲ ಗೆಲ್ಲಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ತಟ್ಟೆ ತೊಳೆಯುವ ಸದ್ದಿನಲ್ಲಿ ಅದು ಸೀಲಕ್ಕನಿಗೆ ಕೇಳುತ್ತಿತ್ತು.

ಅವಳು ಎರಡು ನಿಯಮ ಮಾಡಿದಳು. ಒಂದು, ಪ್ರತಿ ಪೆಟ್ಟಿಗೆಗೂ ಅವಳೇ ಸೀಲು ಹಾಕುವುದು, ಸಂಜೆ ಅವಳೇ ಒಡೆಯುವುದು. ಎರಡು, ಮರುತೂಕ. ಇದು ಅವಳ ಕಚೇರಿಯ ಹಳೆಯ ಉಪಾಯ. ಅಂಗಡಿಯಿಂದ ಸಾಮಾನು ಕೊಂಡು ಹೊರಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಪೊಟ್ಟಣವನ್ನು ಇನ್ನೊಮ್ಮೆ ತೂಗಿ ನೋಡುವುದು. ಇಲ್ಲಿಯೂ ಹಾಗೆಯೇ: ಆಟ ಮುಗಿದ ಕೂಡಲೇ ಗೆದ್ದ ಪೆಟ್ಟಿಗೆಯ ಮುಂದೆ ಅವಳು ಕೂರುತ್ತಾಳೆ, ಆ ಆಟದ ಮೊದಲರ್ಧದ ಯಾವುದಾದರೂ ಮೂರು ಘಟ್ಟ ಆರಿಸುತ್ತಾಳೆ, ಕಾಯಿಗಳು ಆಗ ಹೇಗಿದ್ದವೋ ಹಾಗೆಯೇ ಪ್ರೋಗ್ರಾಮಿಗೆ ತೋರಿಸಿ ಮತ್ತೆ ನಡೆ ಕೇಳುತ್ತಾಳೆ. ಅದೇ ಪ್ರೋಗ್ರಾಮು, ಅದೇ ಪೆಟ್ಟಿಗೆ, ನಡೆಗೆ ಹೆಚ್ಚೆಂದರೆ ಈ ವರ್ಷ ಆಟಕ್ಕೆ ಗೊತ್ತುಮಾಡಿದ ಅದೇ ಮೂವತ್ತು ಸೆಕೆಂಡು. ಪ್ರಾಮಾಣಿಕವಾಗಿದ್ದರೆ ಅದೇ ನಡೆ ಬರಬೇಕು. ಆಟದಲ್ಲಿ ಯಾವನೋ ಭಾವಮೈದುನ ಸಹಾಯ ಮಾಡಿದ್ದರೆ ಈಗ ಪೆಟ್ಟಿಗೆ ಬೇರೆಯೇ ಹೇಳುತ್ತದೆ. ಮೂರರಲ್ಲಿ ಎರಡು ತಪ್ಪಿದರೆ ಗೆಲುವು ರದ್ದು, ಸೋತವರು ಮುಂದಿನ ಸುತ್ತಿಗೆ.

ಮೇಷ್ಟ್ರಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದರು.

ಭಾನುವಾರ ಬೆಳಗ್ಗೆ ಏಳೂವರೆಗೇ ಸೀಲಕ್ಕ ಶಾಲೆಯ ದೊಡ್ಡ ಕೋಣೆಯಲ್ಲಿದ್ದಳು. ಎಂಟು ಮಂದಿ ಎಂಟು ಪೆಟ್ಟಿಗೆ ತಂದಿದ್ದರು. ಅವಳು ಮೊಣಕಾಲೂರಿ ಒಂದೊಂದನ್ನೂ ಸುತ್ತು ಹಾಕಿ, ಕಂಡ ತೂತಿಗೆಲ್ಲ ಗೋಂದು ಕಾಗದ ಅಂಟಿಸಿ, ಮೇಲೆ ತನ್ನ ಮುದ್ರೆ ಒತ್ತಿದಳು. ವಿದ್ಯುತ್ತಿನ ವೈರು, ಪರದೆ, ಕೀಲಿಮಣೆ, ಮೂರಕ್ಕೆ ಮಾತ್ರ ದಾರಿ ಬಿಟ್ಟಳು. ಹಿಂಬದಿಯ ಸಣ್ಣ ತೂತುಗಳಾದ ಮೇಲೆ ಪಕ್ಕದಲ್ಲಿ ಸಾಲಾಗಿ ಉದ್ದುದ್ದ ಕಂಡಿಗಳಿದ್ದವು. ಅವಳು ಒಂದು ಕ್ಷಣ ತಡೆದಳು. ಇವೇಕೆ ಇವೆ? ಪೆಟ್ಟಿಗೆಯ ಒಳಗೇನಿದೆ ಎಂದು ಮೇಷ್ಟ್ರು ಪಾಠ ಮಾಡಿದ ಸಂಜೆ ಅವಳು ಸಂತೆಯ ತಕ್ಕಡಿಗಳ ತಪಾಸಣೆಗೆ ಹೋಗಿದ್ದಳು. ಕೇಳೋಣವೆಂದರೆ, ತಪಾಸಣೆಗೆ ಕೂತವಳೇ ಕೇಳಿದರೆ ಹೇಗೆ ಎನ್ನುವ ಸಂಕೋಚ. ಕಂಡಿಯೂ ತೂತೇ ತಾನೆ. ಅಂಟಿಸಿದಳು.

ಮೊದಲ ಸುತ್ತಿನಲ್ಲಿ ಬಾಣದ ಎದುರು ದರ್ಜಿಯಮ್ಮನ ಪ್ರೋಗ್ರಾಮು. ದರ್ಜಿಯಮ್ಮ ಒಂಟಿ ಹೆಂಗಸು, ಮಾತು ಕಡಿಮೆ, ಇಡೀ ತರಗತಿಯಲ್ಲಿ ಚುರುಕು. ಅವಳ ಪ್ರೋಗ್ರಾಮು ಸುಲಭದ ನಡೆಯಾದರೆ ಬೇಗ ಆಡುತ್ತಿತ್ತು, ತೊಡಕಾದರೆ ಮೂವತ್ತು ಸೆಕೆಂಡೂ ಯೋಚಿಸುತ್ತಿತ್ತು. ಬಾಣ ಇಪ್ಪತ್ತೆಂಟನೇ ನಡೆಗೆ ಸೋತಿತು. ಗಂಡ ಎದ್ದು ನಿಂತು, "ಈ ಸಲ ಇಪ್ಪತ್ತೆಂಟು. ಹೋದ ಸಲ ಹತ್ತೊಂಬತ್ತಕ್ಕೇ ಮುಗಿದಿತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಸೀಲಕ್ಕ ದರ್ಜಿಯಮ್ಮನ ಪೆಟ್ಟಿಗೆಯ ಮುಂದೆ ಮರುತೂಕಕ್ಕೆ ಕೂತಳು. ಪೆಟ್ಟಿಗೆಯೊಳಗಿಂದ ಗುಂಯ್ ಎಂದು ಸದ್ದು ಬರುತ್ತಿತ್ತು. ಪಾಪ, ಎಷ್ಟು ಕಷ್ಟಪಟ್ಟು ಯೋಚಿಸುತ್ತಿದೆ ಎಂದುಕೊಂಡಳು. ಮೊದಲ ಘಟ್ಟ: ಬೇರೆ ನಡೆ. ಎರಡನೆಯದು: ಅದೇ ನಡೆ. ಮೂರನೆಯದು: ಬೇರೆ.

"ಇನ್ನೊಂದು ಸಲ ನೋಡಿ ಅಕ್ಕ" ಎಂದಳು ದರ್ಜಿಯಮ್ಮ.

ನೋಡಿದಳು. ಈ ಸಲ ಮೂರೂ ಬೇರೆ.

"ನಾನು ಏನೂ ಮಾಡಿಲ್ಲ."

"ನಾನು ಹೇಳ್ತಿರೋದಲ್ಲಮ್ಮ, ಪೆಟ್ಟಿಗೆ ಹೇಳ್ತಿದೆ."

ಈ ಮಾತನ್ನು ಅವಳು ಅಂಗಡಿಕಾರರಿಗೆ ಸಾವಿರ ಸಲ ಹೇಳಿದ್ದಳು. ನಾನಲ್ಲ, ತಕ್ಕಡಿ ಹೇಳುತ್ತಿದೆ. ದರ್ಜಿಯಮ್ಮ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಕಿಟಕಿಯ ಪಕ್ಕ ಹೋಗಿ ಕೂತಳು. ಸೀಲು ಒಡೆಯುವುದು ಸಂಜೆಗೇ ಆದ್ದರಿಂದ ಮನೆಗೆ ಹೋಗುವಂತೆಯೂ ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಸೀಲಕ್ಕನ ಮನಸ್ಸು ಅಳುಕುತ್ತಿತ್ತೇನೋ. ಆದರೆ ಮುಂದಿನ ಮೇಜಿನಲ್ಲಿ ಔಷಧಿ ಅಂಗಡಿಯವರ ಪೆಟ್ಟಿಗೆಯೂ ಮರುತೂಕದಲ್ಲಿ ತಪ್ಪಿತು. ಎರಡು ತಪ್ಪಿದೆ ಎಂದು ಹೇಳಿದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು.

"ಅಕ್ಕ, ಪ್ರೋಗ್ರಾಮಿನಲ್ಲಿ ಎರಡೇ ಸಾಲು. ಸೊಸೆ ಬರೆದುಕೊಟ್ಟಿದ್ದು. ಅದೂ ಅವಳೇ ಬಲವಂತ ಮಾಡಿದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ದಿನ ಆ ಕೋಣೆಯಲ್ಲಿ ಎಲ್ಲರ ಹೆಗಲೂ ತುರಿಸತೊಡಗಿತು. ಬಸ್ ಡ್ರೈವರು ಯಾರದೋ ನೋಟ್‌ಬುಕ್ಕಿನಿಂದ ಹನ್ನೆರಡು ಸಾಲು ಇಳಿಸಿಕೊಂಡಿದ್ದ. ಗಡಿಯಾರ ರಿಪೇರಿಯವರು ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬನಿಂದ ಆರಂಭದ ನಡೆಗಳ ಪಟ್ಟಿಯನ್ನೇ ತಂದಿದ್ದರು. ಯಾರನ್ನು ಹಿಡಿದರೂ ಅವರು ತಮ್ಮದೊಂದು ಸಣ್ಣ ತಪ್ಪನ್ನು ನೆನೆದು, ಗೊತ್ತಾಗಿಬಿಟ್ಟಿತಲ್ಲ ಎಂದು ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಜಗಳವಾಡಿದರೆ ತಾನೆ ಯಾರಿಗಾದರೂ ಅನುಮಾನ ಬರುವುದು?

ಮೊದಲ ಸುತ್ತಿನಲ್ಲಿ ಗೆದ್ದ ನಾಲ್ವರೂ ಸಿಕ್ಕಿಬಿದ್ದರು. ಸೋತ ನಾಲ್ವರು ಮುಂದೆ ಹೋದರು. ಎರಡನೇ ಸುತ್ತಿನಲ್ಲಿ ಗೆದ್ದ ಇಬ್ಬರೂ ಸಿಕ್ಕಿಬಿದ್ದರು. ಬಾಣ ಆ ಸುತ್ತಿನಲ್ಲೂ ಸೋತು, ಆ ಬಲದಿಂದಲೇ ಕೊನೆಯ ಪಂದ್ಯಕ್ಕೆ ಬಂತು. ಅಲ್ಲಿ ಡ್ರೈವರನ ಪ್ರೋಗ್ರಾಮಿಗೆ ಸೋತಿತು. ಡ್ರೈವರನ ಮರುತೂಕ ಮೂರಕ್ಕೆ ಮೂರೂ ತಪ್ಪಿತು.

"ಮೂರು ಆಟ ಸೋತು ಕಪ್ ಗೆದ್ದೋರನ್ನ ನಾನು ಎಲ್ಲೂ ನೋಡಿಲ್ಲ" ಎಂದ ಡ್ರೈವರು.

"ನೀನು ಕದಿಯದೆ ಇದ್ದಿದ್ರೆ ಅವರು ಗೆಲ್ತಿರ್ಲಿಲ್ಲ" ಎಂದರು ಔಷಧಿ ಅಂಗಡಿಯವರು.

"ನೀವು ಮಾತಾಡ್ಬೇಡಿ, ಸೊಸೆ ಕೇಳಿಸ್ಕೊಂಡಾಳು."

ಸೀಲಕ್ಕನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎಂಟರಲ್ಲಿ ಏಳು ಕಳ್ಳರು, ಉಳಿದವನು ತನ್ನ ಗಂಡ. ಬೇಲಿಯೇ ಹೊಲ ಮೇಯಿತು ಎಂದು ನಾಳೆ ಯಾರು ಅನ್ನುವುದಿಲ್ಲ? ಗೆದ್ದ ಪೆಟ್ಟಿಗೆಗೆ ಮಾತ್ರ ಮರುತೂಕ ಎಂದು ನಿಯಮವಿದ್ದರೂ ಅವಳು ಎಲ್ಲರನ್ನೂ ಸುತ್ತ ಕರೆದು, ಬಾಣವನ್ನೂ ಮರುತೂಕಕ್ಕೆ ಕೂರಿಸಿದಳು. ಮೂರು ಘಟ್ಟವಲ್ಲ, ಒಂಬತ್ತು. ಕಾಯಿ ಜೋಡಿಸಿ ಮುಗಿಯುವ ಮೊದಲೇ ಬಾಣ ಉತ್ತರ ಕೊಟ್ಟಿತು. ಒಂಬತ್ತಕ್ಕೆ ಒಂಬತ್ತೂ ತಾಳೆಯಾಯಿತು.

ಮೇಷ್ಟ್ರು ಕಪ್ ಎತ್ತಿ ಗಂಡನ ಕೈಗೆ ಕೊಟ್ಟರು. ಚಪ್ಪಾಳೆ ಬಿತ್ತು, ತೂಕಕ್ಕೆ ಸ್ವಲ್ಪ ಕಡಿಮೆ. ಗಂಡ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಇಣುಕಿ ನೋಡಿ, ಹೆಂಡತಿಯ ಕಡೆ ತಿರುಗಿದ. ಮದುವೆಯ ದಿನವೂ ಅವನ ಮುಖ ಹಾಗಿರಲಿಲ್ಲ. ಆ ದಿನ ಅವನಿಗೆ ಜ್ವರವಿತ್ತು.

ಸೀಲು ಒಡೆಯುವ ಹೊತ್ತಾಯಿತು. ದರ್ಜಿಯಮ್ಮ ಬೆಳಗ್ಗಿನಿಂದ ಕಾದಿದ್ದಾಳೆಂದು ಅವಳ ಪೆಟ್ಟಿಗೆಯಿಂದಲೇ ಶುರು ಮಾಡಿದಳು. ಹಿಂಬದಿಯ ಕಾಗದಗಳು ಚಟಚಟನೆ ಬಂದವು. ಪಕ್ಕದ ಕಂಡಿಯ ಕಾಗದ ಬರಲಿಲ್ಲ. ಬಗ್ಗಿ ನೋಡಿದಳು. ಕಾಗದ ಕಂದಿತ್ತು. ಗೋಂದು ಕರಗಿ, ಕೆಳಗಿನವರೆಗೆ ಹರಿದು, ಮತ್ತೆ ಒಣಗಿ ಗಟ್ಟಿಯಾಗಿತ್ತು. ಗೋಂದು ಸುಮ್ಮನೆ ಕರಗುವುದಿಲ್ಲ. ಅವಳೆದ್ದು, ಆಗತಾನೆ ಕೊನೆಯ ಪಂದ್ಯ ಆಡಿದ್ದ ಡ್ರೈವರನ ಪೆಟ್ಟಿಗೆಯ ಬಳಿ ಹೋಗಿ, ಅದೇ ಜಾಗದ ಕಾಗದದ ಮೇಲೆ ಬೆರಳಿಟ್ಟಳು. ಬೆರಳು ಸುಟ್ಟಿತು.

"ಮೇಷ್ಟ್ರೇ," ಎಂದಳು, ಬೆರಳನ್ನು ಬಾಯಿಗಿಟ್ಟುಕೊಂಡು, "ಈ ಕಂಡಿಗಳು ಯಾತಕ್ಕೆ?"

"ಒಳಗಿನ ಫ್ಯಾನಿಗೆ ಅಕ್ಕ. ಬಿಸಿ ಗಾಳಿ ಹೊರಗೆ ಹೋಗೋಕೆ."

"ಹೋಗದೆ ಇದ್ರೆ?"

"ತುಂಬಾ ಬಿಸಿಯಾಗುತ್ತೆ. ಸುಟ್ಟುಹೋಗಬಾರದು ಅಂತ ಕಂಪ್ಯೂಟರು ತಾನೇ ನಿಧಾನ ಮಾಡಿಕೊಳ್ಳುತ್ತೆ. ಯಾಕೆ?"

ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಟದ ಶುರುವಿನಲ್ಲಿ ಪೆಟ್ಟಿಗೆ ತಣ್ಣಗಿತ್ತು. ಮೂವತ್ತು ಸೆಕೆಂಡಿನಲ್ಲಿ ಬಹಳ ದೂರ ನೋಡಿತು. ಆಟ ಮುಗಿಯುವಷ್ಟರಲ್ಲಿ ಉಸಿರು ಕಟ್ಟಿತ್ತು. ಅದೇ ಮೂವತ್ತು ಸೆಕೆಂಡಿನಲ್ಲಿ ಅಷ್ಟು ದೂರ ನೋಡಲಾಗದೆ ಬೇರೆ ನಡೆ ಹೇಳಿತು. ಅವಳು ಬೇಯಿಸಿದ್ದನ್ನು ಅವಳೇ ಹಿಡಿದಿದ್ದಳು. ಇಪ್ಪತ್ತಾರು ವರ್ಷ ಬೇರೆಯವರ ಬಟ್ಟು ನೋಡಿದವಳ ಕೈಯ ಬಟ್ಟೇ ಸುಳ್ಳಾಗಿತ್ತು.

ಹೇಳಬೇಕಾದದ್ದು ಮೇಷ್ಟ್ರಿಗೆ. ಆದರೆ ಕಾಲು ಪಡಸಾಲೆಯ ಕಡೆ ಹೋಯಿತು. ಗಂಡ ಅಲ್ಲಿ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

"ಹೂಂ ಅಮ್ಮ, ಬೆಳ್ಳಿ ಬಣ್ಣದ್ದು. ಎರಡು ಕಡೆ ಹಿಡಿ ಇದೆ. ಇಲ್ಲಮ್ಮ, ನೀರು ಕುಡಿಯೋಕಲ್ಲ."

"ರೀ, ಸ್ವಲ್ಪ ಫೋನ್ ಇಡಿ."

ಅವಳು ಹೇಳಿದಳು. ಅವನು ಕಣ್ಣು ಕಿರಿದು ಮಾಡಿಕೊಂಡು ಕೇಳಿದ. ಕೊನೆಗೆ ಅವಳು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

"ಹಾಗಾದ್ರೆ ನಂದು ಯಾಕೆ ತಾಳೆ ಆಯ್ತು?"

"ನಿಮ್ಮದು ಬೇಗ ಉತ್ತರ ಕೊಡುತ್ತಲ್ಲ."

"ಬಿಸಿ ಆಗೋಷ್ಟು ಯೋಚನೆನೇ ಮಾಡಲ್ಲ ಅನ್ನು."

ಅವನು ಕಪ್ಪಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ, ಗಾಜು ಉಜ್ಜುವ ಹಾಗೆ.

"ನಾಳೆ ಹೇಳಿದ್ರೆ ಆಗಲ್ವಾ? ಒಂದೇ ದಿನ. ಅಮ್ಮ ನೋಡ್ಲಿ. ನಾಳೆ ನಾನೇ ತಂದು ಕೊಡ್ತೀನಿ."

ಒಂದೇ ದಿನ ಬಿಡಿ ಅಕ್ಕ ಎಂದು ಕೇಳಿಕೊಂಡ ಅಂಗಡಿಕಾರರು ಎಷ್ಟೋ. ಅವರಿಗೆಲ್ಲ ಅವಳು ರಸೀದಿ ಪುಸ್ತಕದಿಂದ ತಲೆ ಎತ್ತದೆಯೇ ಉತ್ತರ ಹೇಳಿದ್ದಳು. ಈಗ ಆ ಉತ್ತರ ಯಾವುದೆಂದೇ ನೆನಪಾಗಲಿಲ್ಲ. ಒಂದು ದಿನದಲ್ಲಿ ಏನಾಗುತ್ತದೆ? ನಿಜವಾಗಿ ಏನೂ ಆಗುವುದಿಲ್ಲ. ಬಾಗಿಲಿನಿಂದ ಕಿಟಕಿ ಕಾಣುತ್ತಿತ್ತು.

"ದರ್ಜಿಯಮ್ಮ ಬೆಳಗ್ಗಿನಿಂದ ಅಲ್ಲೇ ಕೂತಿದಾರೆ ರೀ. ಉಳಿದವರಿಗೆಲ್ಲ ಒಪ್ಕೊಳ್ಳೋಕೆ ಏನಾದ್ರೂ ಒಂದು ಇತ್ತು. ಅವರಿಗೆ ಏನೂ ಇರ್ಲಿಲ್ಲ. ಇವತ್ತು ಅವರು ಕಳ್ಳಿ ಅನ್ನಿಸ್ಕೊಂಡೇ ಮನೆಗೆ ಹೋಗ್ಬೇಕಲ್ಲ."

ಅವನು ಆ ಕಡೆ ನೋಡಿದ. ಸ್ವಲ್ಪ ಹೊತ್ತು ನೋಡಿದ.

"ಹೇಳು ಹೋಗು" ಎಂದ. ಕಪ್ಪನ್ನು ಮಾತ್ರ ಕಂಕುಳಿನಿಂದ ತೆಗೆಯಲಿಲ್ಲ.

ಅವಳು ಕೋಣೆಯ ನಡುವೆ ನಿಂತು ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು: ಯಾವ ಕಂಡಿ, ಯಾವ ಕಾಗದ, ಪಾಠಕ್ಕೆ ತಪ್ಪಿಸಿಕೊಂಡ ಸಂಜೆ, ಕೇಳಲು ನಾಚಿದ್ದು.

"ಹಾಗಾದ್ರೆ ನಾನು ಸುಮ್ ಸುಮ್ನೆ ಒಪ್ಕೊಂಡ್ನಾ?" ಎಂದರು ಔಷಧಿ ಅಂಗಡಿಯವರು.

ಕೋಣೆಗೆ ಕೋಣೆಯೇ ನಕ್ಕಿತು. ಸೀಲಕ್ಕ ನಗಲಿಲ್ಲ. ಎಲ್ಲ ಕಂಡಿಗಳ ಕಾಗದ ಕಿತ್ತಳು. ಕಿತ್ತರೂ ಬಾರದ ಕಡೆ ಉಗುರಿನಿಂದ ಕೆರೆದಳು. ಪೆಟ್ಟಿಗೆಗಳು ಆರಲಿ ಎಂದು ಅರ್ಧ ಗಂಟೆ ಬಿಟ್ಟು, ದರ್ಜಿಯಮ್ಮನನ್ನು ಕರೆದಳು.

"ಬನ್ನಿ ಅಮ್ಮ. ಬೆಳಗ್ಗಿನ ಅದೇ ಮೂರು ಘಟ್ಟ. ಈ ಸಲ ನೀವು ನನ್ನ ಕೈ ನೋಡ್ತಾ ಇರಿ."

ಎಲ್ಲರೂ ಸುತ್ತ ನೆರೆದರು. ಗಂಡನೂ ಬಂದು ಹಿಂದೆ ನಿಂತ, ಕಪ್ಪಿನ ಸಮೇತ. ಮೊದಲ ಘಟ್ಟ ತಾಳೆಯಾಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಪ್ರೋಗ್ರಾಮು ಉತ್ತರ ಕೊಡಲಿಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು ತುಂಬುತ್ತಿದ್ದಂತೆ ನಡೆ ಬಂತು. ಬೆಳಗ್ಗೆ ಆಟದಲ್ಲಿ ಆಡಿದ್ದ ಅದೇ ನಡೆ.

ದರ್ಜಿಯಮ್ಮ ಉಸಿರು ಬಿಟ್ಟಳು. ಮೇಷ್ಟ್ರು ಪಟ್ಟಿ ತೆಗೆದು, ಉಳಿದ ಆರನ್ನೂ ಹೀಗೆಯೇ ನೋಡಬೇಕು, ತಾಳೆಯಾದರೆ ಮೊದಲ ಸುತ್ತಿನಲ್ಲಿ ಗೆದ್ದ ನಾಲ್ವರು ಮುಂದಿನ ಭಾನುವಾರ ಮತ್ತೆ ಆಡಬೇಕು ಎಂದು ಲೆಕ್ಕ ಹಾಕತೊಡಗಿದರು. ಆ ನಾಲ್ವರಲ್ಲಿ ಬಾಣ ಇರಲಿಲ್ಲ. ಎಲ್ಲರೂ ಕಪ್ಪನ್ನು ಬಿಟ್ಟು ಬೇರೆ ಕಡೆ ನೋಡಿದರು.

"ಒಂದು ನಿಮಿಷ" ಎಂದ ಗಂಡ. "ಅದು ಯಾಕೆ ಅಷ್ಟು ಹೊತ್ತು ತಗೊಂಡ್ತು?"

"ತೊಡಕಾದ್ರೆ ಹಾಗೇನೇ" ಎಂದಳು ದರ್ಜಿಯಮ್ಮ. "ನಿಮ್ಮ ಕುದುರೆ ನೋಡಿ, ನಡುವೆ ಬಂದು ಕೂತುಬಿಟ್ಟಿದೆ. ಹೊಡೆದ್ರೂ ಕಷ್ಟ, ಬಿಟ್ರೂ ಕಷ್ಟ. ಬೆಳಗ್ಗೆ ನನಗೂ ಗಾಬರಿ ಆಯ್ತು."

"ಗಾಬರಿ ಆಯ್ತಾ?"

"ಸುಳ್ಳು ಯಾಕೆ ಹೇಳ್ಲಿ. ಇವತ್ತು ಇದು ಪೂರ್ತಿ ಮೂವತ್ತು ಸೆಕೆಂಡು ತಗೊಂಡಿದ್ದು ಅದೊಂದು ಕಡೆನೇ."

ಗಂಡ ಮಣೆಯ ಹತ್ತಿರ ಬಗ್ಗಿದ. ಕೈಯಲ್ಲಿದ್ದದ್ದು ಅಡ್ಡ ಬಂದಿದ್ದರಿಂದ ಅದನ್ನು ಮೇಷ್ಟ್ರ ಕೈಗೆ, ಯಾರೋ ಹಿಡಿದುಕೊಳ್ಳಲು ಕೊಟ್ಟ ಸಾಮಾನಿನಂತೆ, ನೋಡದೆಯೇ ಕೊಟ್ಟ. ಕುದುರೆಯನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. ಸೀಲಕ್ಕ ಪಕ್ಕಕ್ಕೆ ಹೋಗಿ ನಿಂತಳು.

"ಬಾಣ ಚೆನ್ನಾಗಿ ಆಡಿದೆ ರೀ" ಎಂದಳು.

"ಮೂವತ್ತು ಸೆಕೆಂಡು ಕಣೇ. ಅವರ ಪ್ರೋಗ್ರಾಮಿಗೆ."

"ಕುದುರೆನ ಅಲ್ಲಿಗೆ ಯಾಕೆ ತಂದಿತು ಅದು?"

ಅವನು ಸೊಂಟ ನೆಟ್ಟಗೆ ಮಾಡಿಕೊಂಡು ಅವಳನ್ನು ನೋಡಿದ. ಅವನ ಕಣ್ಣು ಈಗ ಕಿರಿದಾಗಿರಲಿಲ್ಲ.

"ನನಗೂ ಗೊತ್ತಿಲ್ಲ. ಬಾ, ಬೇಗ ಮನೆಗೆ ಹೋಗೋಣ, ನೋಡ್ಬೇಕು."

"ಇನ್ನೂ ಆರು ಪೆಟ್ಟಿಗೆ ಮರುತೂಕ ಇದೆ ರೀ."

"ನೀನು ಮುಗಿಸ್ಕೊಂಡು ಬಾ ಹಾಗಾದ್ರೆ" ಎಂದು ಅವನು ಬಾಣದ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು, ಬಾಗಿಲನ್ನು ಕಾಲಿನಿಂದಲೇ ತಳ್ಳಿಕೊಂಡು ಹೊರಟೇಹೋದ.